ನೆನಪು ನೆಲೆಯೂರುವ ಬಗೆ

ನಿನ್ನೆ ಉಂಡ ಪಲ್ಯ ಮರೆತ ಹಿರಿಯರೂ 1980ರ ಜುಲೈ 21ರಂದು ನರಗುಂದದಲ್ಲಿ ಕಂಡದ್ದನ್ನು ಇಂದಿಗೂ ಹೇಳಬಲ್ಲರು. ಮಲಪ್ರಭಾ ನೀರಾವರಿ ಪ್ರದೇಶದ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದ, ಗೋಲಿಬಾರು ನಡೆದ ದಿನವದು.

ಇದರ ಕಾರಣ ಮಿದುಳಿನಲ್ಲಿದೆ. ಹೊಸ ಅನುಭವವನ್ನು ಮೊದಲು ಹಿಡಿದಿಡುವುದು ಹಿಪ್ಪೊಕ್ಯಾಂಪಸ್ ಎಂಬ ಭಾಗ. ಭಯ, ದುಃಖ ಬೆರೆತರೆ ನೆರೆಯ ಅಮಿಗ್ಡಲಾ ಅದನ್ನು ಗಟ್ಟಿಗೊಳಿಸುತ್ತದೆ. ನಿದ್ದೆಯಲ್ಲಿ, ಮರುನೆನಪಿನಲ್ಲಿ ನರಕೋಶಗಳ ಬೆಸುಗೆ ಬಲಿಯುತ್ತದೆ. ಕಾಲ ಕಳೆದಂತೆ ನೆನಪು ಮಿದುಳಿನ ಹೊರಪದರದಲ್ಲಿ ನೆಲೆಯೂರುತ್ತದೆ. 1953ರಲ್ಲಿ ಶಸ್ತ್ರಚಿಕಿತ್ಸೆಯಿಂದ ಹಿಪ್ಪೊಕ್ಯಾಂಪಸ್‌ನ ಬಹುಭಾಗ ಕಳೆದುಕೊಂಡ ಅಮೆರಿಕದ ಹೆನ್ರಿ ಮೊಲೈಸನ್‌ಗೆ ಬಾಲ್ಯದ ನೆನಪಿತ್ತು. ಹೊಸ ಘಟನೆಗಳು ಮಾತ್ರ ನಿಲ್ಲುತ್ತಿರಲಿಲ್ಲ.

ನರಗುಂದದಲ್ಲಿ ಪ್ರತಿ ಜುಲೈ 21ಕ್ಕೆ ಹುತಾತ್ಮ ರೈತರನ್ನು ಸ್ಮರಿಸುತ್ತಾರೆ. ಇದರಿಂದ ನೆನಪು ಬಲಿಯುತ್ತದೆ, ನಿಜ. ಆದರೆ ನೆನಪು ಕಲ್ಲಿನ ಶಾಸನವಲ್ಲ. ಪ್ರತಿ ಬಾರಿ ಹೇಳುವಾಗ ಇತರರಿಂದ ಕೇಳಿದ್ದೂ ಅದರೊಳಗೆ ಸೇರಬಹುದು.

1858ರ ನರಗುಂದ ಬಂಡಾಯ ಕಂಡವರು ಈಗಿಲ್ಲ. 1980ನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ರೋಣ, ಗಜೇಂದ್ರಗಡ, ನರಗುಂದದ ಶಾಲೆಗಳ ಮಕ್ಕಳು ಅವರ ಮಾತನ್ನು ಒಬ್ಬೊಬ್ಬರಿಂದ ಬೇರೆಬೇರೆಯಾಗಿ ಬರೆದುಕೊಂಡು ತಾಳೆ ನೋಡಲಿ.