ನೆಲ ನಡುಗಿದ ದಿನವೂ ನಡೆಯಬೇಕಾದ ಆಸ್ಪತ್ರೆ



ಭೂಕಂಪದ ಮಾತು ನಮಗೇಕೆ ಎನ್ನಬೇಡಿ. ನಮ್ಮ ಬೀದರ್ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಾವಿರಾರು ಜನ ಮಲಗಿದಲ್ಲೇ ಮಣ್ಣಾದರು. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಊರು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು!

ಇಂದು ನಮ್ಮ ಹಲವು ಮಠಗಳು ಆಸ್ಪತ್ರೆ ನಡೆಸುತ್ತಿವೆ. ಅನ್ನದಾಸೋಹದಷ್ಟೇ ದೊಡ್ಡದು ಅದು. ಆದರೆ ಜನ ಓಡಿ ಬರುವ ದಿನವೇ ಅದರ ಬಾಗಿಲು ಮುಚ್ಚಿದರೆ? 2001ರ ಜನವರಿ 26ರಂದು ಗುಜರಾತಿನ ಭುಜ್‌ನಲ್ಲಿ ಸರ್ಕಾರಿ ಆಸ್ಪತ್ರೆಯೇ ಕುಸಿಯಿತು. ಗಾಯಾಳುಗಳಿಗೆ ಬಯಲಲ್ಲಿ ಚಿಕಿತ್ಸೆ ನಡೆಯಿತು. ಆಮೇಲೆ ಕಟ್ಟಿದ ಹೊಸ ಆಸ್ಪತ್ರೆಯನ್ನು ಸೀಸದ ತಿರುಳಿರುವ ರಬ್ಬರ್ ಬೇರಿಂಗುಗಳ ಮೇಲೆ ಕೂರಿಸಿದ್ದಾರೆ. ನೆಲದ ಅಲುಗಾಟ ಪೂರ್ತಿಯಾಗಿ ಮೇಲೇರದು.

ಕಟ್ಟಡ ಗಟ್ಟಿಯಾದರೆ ಸಾಕೆ? ಅಮೆರಿಕದ ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆ 1971ರ ಭೂಕಂಪದಲ್ಲಿ ಹಾಳಾಯಿತು. ಬಹಳ ಗಟ್ಟಿಯಾಗಿ ಮತ್ತೆ ಕಟ್ಟಿದರು. 1994ರಲ್ಲಿ ಮತ್ತೆ ನೆಲ ನಡುಗಿದಾಗ ಕಟ್ಟಡ ಕುಸಿಯದೆ ನಿಂತಿತು. ನೀರಿನ ಪೈಪುಗಳು ಒಡೆದವು. ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು.

ಇದನ್ನು ಓದಿದಾಗ ನನಗೇ ನಾಚಿಕೆಯಾಯಿತು. ಸೇವೆಯಲ್ಲಿದ್ದಾಗ ಆಸ್ಪತ್ರೆಗಳ ಕಂಬಿ, ಕಾಂಕ್ರೀಟಿನ ಲೆಕ್ಕ ನೋಡಿ ಸಹಿ ಹಾಕಿದವನು ನಾನು. ಆಕ್ಸಿಜನ್ ಸಿಲಿಂಡರಿಗೆ ಸರಪಳಿ ಇದೆಯೇ, ಜನರೇಟರನ್ನು ತಳಕ್ಕೆ ಬೋಲ್ಟ್ ಮಾಡಿದ್ದಾರೆಯೇ, ಔಷಧಿಯ ಕಪಾಟು ಗೋಡೆಗೆ ಬಿಗಿದಿದೆಯೇ ಎಂದು ಒಮ್ಮೆಯೂ ಕೇಳಲಿಲ್ಲ. ಇವೆಲ್ಲ ಕಡಿಮೆ ಖರ್ಚಿನ ಕೆಲಸ. ಆದರೆ ವಾರ್ಡಿಗೆ ದಾನಿ ಸಿಗುತ್ತಾರೆ, ಸರಪಳಿಗೆ ಸಿಗುವುದಿಲ್ಲ. ಹೆಸರಿನ ಕಲ್ಲು ಹಾಕಲು ಅಲ್ಲಿ ಜಾಗವಿಲ್ಲ ನೋಡಿ!

ಇನ್ನೊಂದು ಮಾತು, ಬೇಸರಿಸಬೇಡಿ. ಎರಡು ಅಂತಸ್ತಿಗೆ ಹಾಕಿದ ಪಾಯದ ಮೇಲೆ ಭಕ್ತರ ಕಾಣಿಕೆಯಿಂದ ಮೂರನೆಯದು, ನಾಲ್ಕನೆಯದು ಏರುತ್ತದೆ. ವಾಹನ ನಿಲ್ಲಿಸಲೆಂದು ಕೆಳ ಅಂತಸ್ತಿನ ಗೋಡೆ ತೆಗೆದು ಬರೀ ಕಂಬ ಬಿಡುತ್ತಾರೆ. 2001ರಲ್ಲಿ ಅಹಮದಾಬಾದಿನಲ್ಲಿ ಬಿದ್ದ ಎಷ್ಟೋ ಕಟ್ಟಡಗಳು ಹೀಗೆ ಕೆಳಗೆ ಬಯಲಾಗಿದ್ದಂಥವೇ. ಕಂಬಗಳ ಸುತ್ತ ಹೊಸ ಕಂಬಿ, ಕಾಂಕ್ರೀಟಿನ ಕವಚ ಹಾಕಬಹುದು, ನಡುವೆ ಗೋಡೆ ಸೇರಿಸಬಹುದು. ಆದರೆ ಮೊದಲು ಪರೀಕ್ಷೆಯಾಗಬೇಕು.

ಯಾವ ಮಠ ಕರೆದರೂ ಟೇಪು, ಟಾರ್ಚು ಹಿಡಿದು ಬರುತ್ತೇನೆ, ಸಂಭಾವನೆ ಬೇಡ. ಕಟ್ಟಡದ ಹಳೆಯ ನಕ್ಷೆ ಎಲ್ಲಿದ್ದರೂ ಹುಡುಕಿಸಿ ಇಟ್ಟಿರಿ. ಅದು ಸಿಗದಿದ್ದರೆ ಅಲ್ಲಿಂದಲೇ ಶುರು ಮಾಡೋಣ.