ಗಣಕಯಂತ್ರದ ಬರಹ: ವೇಗವೂ ವಿಶ್ವಾಸವೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗಣಕಯಂತ್ರದ ಸ್ಮೃತಿಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯವು ಯಂತ್ರಶಾಸ್ತ್ರಕ್ಕೆ ಸೇರಿದುದಾದರೂ ಅದರ ತಿರುಳು ಎಲ್ಲರಿಗೂ ಸಂಬಂಧಪಟ್ಟುದು. ರೈತನೊಬ್ಬನು ಸಹಕಾರಿ ಸಂಘದಲ್ಲಿ ಸಾಲದ ಕಂತನ್ನು ಕಟ್ಟಿದನೆನ್ನೋಣ. ಗುಮಾಸ್ತನು ಮೊಬಲಗನ್ನು ಯಂತ್ರದಲ್ಲಿ ಬರೆದನು. “ಜಮೆಯಾಯಿತು” ಎಂದು ತೆರೆಯ ಮೇಲೆ ಕಾಣಿಸಿತು. ಮರುಕ್ಷಣವೇ ವಿದ್ಯುತ್ತು ನಿಂತಿತು. ಆ ಜಮೆಯು ಉಳಿದಿರುವುದೋ, ಅಳಿದಿರುವುದೋ? ಈ ಪ್ರಶ್ನೆಯನ್ನೇ ನಾವು ಇಂದು ವಿಚಾರಿಸಬೇಕಾಗಿದೆ.

ಗಣಕಯಂತ್ರಕ್ಕೆ ಮುಖ್ಯವಾಗಿ ಎರಡು ಬಗೆಯ ಸ್ಮೃತಿಗಳುಂಟು. ಮೊದಲನೆಯದು ರ‍್ಯಾಮ್ ಎಂಬುದು. ಅಮೆರಿಕದ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡರು 1968ರಲ್ಲಿ ಪೇಟೆಂಟು ಪಡೆದ ವಿಧಾನದಂತೆ, ಇದರಲ್ಲಿ ಒಂದೊಂದು ಅಂಕೆಯೂ ಅತಿ ಸಣ್ಣ ಕೋಶವೊಂದರಲ್ಲಿ ವಿದ್ಯುದಂಶವಾಗಿ ನಿಲ್ಲುತ್ತದೆ. ಆ ಅಂಶವು ತೂತುಗಡಿಗೆಯ ನೀರಿನಂತೆ ಸೋರುವುದರಿಂದ, ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗಾಗಿ ಅದನ್ನು ಮರಳಿ ತುಂಬುತ್ತಿರಬೇಕು. ವಿದ್ಯುತ್ತು ನಿಂತರೆ ತುಂಬುವವರಿಲ್ಲ, ನೆನಪೂ ಇಲ್ಲ. ಆದರೆ ಇದರ ವೇಗವನ್ನು ಸೆಕೆಂಡಿನ ನೂರು ಕೋಟಿಯ ಅಂಶಗಳಲ್ಲಿ ಎಣಿಸಬೇಕಾಗುತ್ತದೆ.

ಎರಡನೆಯದು ವಿದ್ಯುತ್ತು ಹೋದರೂ ಅಳಿಯದ ಸ್ಮೃತಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕನ್ನು ತೆಗೆದುಕೊಳ್ಳಿರಿ. ಅದು ಸೆಕೆಂಡಿಗೆ ತಿರುಗುವುದು 120 ಸಲ ಮಾತ್ರ. ಒಂದೊಂದು ಬರಹವೂ ಒಂದೊಂದು ಸುತ್ತಿಗಾಗಿ ಕಾಯುವುದಾದರೆ, ಸೆಕೆಂಡಿಗೆ 120 ಬರಹಗಳಿಗಿಂತ ಹೆಚ್ಚು ಸಾಗವು. ಈಗ ಬಳಕೆಯಲ್ಲಿರುವ ಫ್ಲ್ಯಾಶ್ ಸ್ಮೃತಿಯಲ್ಲಿ ತಿರುಗುವ ಚಕ್ರವಿಲ್ಲ. ಅದು ಬಹಳ ಶೀಘ್ರಗಾಮಿ. ಆದರೂ ಅದರ ಕೋಶಗಳಲ್ಲಿ ಬರೆಯುವ ಕಾರ್ಯವು ರ‍್ಯಾಮಿನಲ್ಲಿ ಬರೆಯುವುದಕ್ಕಿಂತ ಸಾವಿರಾರು ಪಟ್ಟು ನಿಧಾನವಾದುದು.

ಹೀಗಿರಲು, ಯಂತ್ರವು ಒಂದು ಉಪಾಯವನ್ನು ಹೂಡುತ್ತದೆ. ಬರೆಯಬೇಕಾದುದನ್ನು ಮೊದಲು ರ‍್ಯಾಮಿನಲ್ಲಿಟ್ಟುಕೊಂಡು, “ಬರೆದಾಯಿತು” ಎಂದು ಹೇಳಿ, ಬಿಡುವಾದಾಗ ಡಿಸ್ಕಿಗೆ ಸಾಗಿಸುತ್ತದೆ. ಇದರಿಂದ ಕೆಲಸವು ಚುರುಕಾಗುವುದು ನಿಜ. ಆದರೆ ಸಾಗಿಸುವ ಮುನ್ನ ವಿದ್ಯುತ್ತು ನಿಂತರೆ, ಹೇಳಿದ ಮಾತು ಸುಳ್ಳಾಗುತ್ತದೆ. ಎಫ್‌ಸಿಂಕ್ ಎಂಬ ಆಜ್ಞೆಯನ್ನಿತ್ತು, ಸ್ಥಿರಸ್ಮೃತಿಗೆ ತಲುಪುವವರೆಗೂ ಕಾದು ಆಮೇಲೆ ಉತ್ತರ ಕೊಡಬಹುದು. ಆಗ ಮಾತು ನಿಜವಾಗುವುದು, ಕೆಲಸವು ಕುಂಟುವುದು. ಒಂದರಲ್ಲಿ ವೇಗವುಂಟು, ವಿಶ್ವಾಸವಿಲ್ಲ. ಇನ್ನೊಂದರಲ್ಲಿ ವಿಶ್ವಾಸವುಂಟು, ವೇಗವಿಲ್ಲ.

ಈ ತೊಡಕಿಗೆ ವಿದ್ವಾಂಸರು ಕಂಡುಕೊಂಡ ಪರಿಹಾರವು ನಮ್ಮ ವರ್ತಕರಿಗೆ ಹೊಸದಲ್ಲ. ಅಂಗಡಿಯಲ್ಲಿ ವ್ಯವಹಾರವಾದೊಡನೆ ಅದನ್ನು ರೋಜುಕೀರ್ದಿಯಲ್ಲಿ ಸಾಲಾಗಿ ಬರೆಯುತ್ತಾರೆ. ಒಬ್ಬೊಬ್ಬರ ಖಾತೆಗೆ ಏರಿಸುವುದು ಆಮೇಲೆ. ಯಂತ್ರವೂ ಹಾಗೆಯೇ, ಖಾತೆಯನ್ನು ತಿದ್ದುವುದಕ್ಕೆ ಮೊದಲು ತಿದ್ದುಪಡಿಯ ವಿವರವನ್ನು ಕೀರ್ದಿಯಲ್ಲಿ ಸ್ಥಿರಪಡಿಸುತ್ತದೆ. ಕೀರ್ದಿಯ ಬರಹವು ಒಂದರ ಮುಂದೆ ಒಂದಾಗಿ ಸಾಗುವುದರಿಂದ, ಹತ್ತಾರು ಖಾತೆಗಳನ್ನು ಹುಡುಕಿ ತಿದ್ದುವುದಕ್ಕಿಂತ ಅದು ಬೇಗ ಮುಗಿಯುತ್ತದೆ. ಮದರಾಸಿನ ಐ.ಐ.ಟಿ.ಯಲ್ಲಿ ಶಿಕ್ಷಣ ಪಡೆದ ಸಿ. ಮೋಹನರೂ ಅವರ ಸಹೋದ್ಯೋಗಿಗಳೂ ಐ.ಬಿ.ಎಂ. ಸಂಸ್ಥೆಯಲ್ಲಿದ್ದು 1992ರಲ್ಲಿ ಪ್ರಕಟಿಸಿದ ‘ಏರೀಸ್’ ಪದ್ಧತಿಯು, ಮೊದಲೇ ತಿಳಿದಿದ್ದ ಈ ತತ್ತ್ವವನ್ನು ಸಾಂಗವಾಗಿ ನಿರೂಪಿಸಿತು. ವಿದ್ಯುತ್ತು ಮರಳಿದಾಗ ಯಂತ್ರವು ಕೀರ್ದಿಯನ್ನು ಓದಿ, ಪೂರ್ಣವಾದ ವ್ಯವಹಾರಗಳನ್ನು ಖಾತೆಗೇರಿಸುತ್ತದೆ. ಅರ್ಧಕ್ಕೆ ನಿಂತವನ್ನು ರದ್ದುಮಾಡುತ್ತದೆ. ಆದುದರಿಂದ ನಮ್ಮ ರೈತನ ಜಮೆಯು ಕೀರ್ದಿಯಲ್ಲಿ ನೆಲೆಗೊಂಡ ಮೇಲೆಯೇ “ಜಮೆಯಾಯಿತು” ಎಂಬ ಮಾತು ಹೊರಟಿದ್ದರೆ, ಅವನು ನಿಶ್ಚಿಂತನಾಗಿರಬಹುದು.

ಕೀರ್ದಿಗಾಗಿಯೂ ಕಾಯಬೇಕಲ್ಲವೇ ಎಂದು ತಾವು ಕೇಳಬಹುದು. ಹೌದು, ಆದರೆ ಎಲ್ಲರೂ ಒಟ್ಟಿಗೆ ಕಾಯಬಹುದು. ಹರಿಗೋಲಿನವನು ಒಬ್ಬೊಬ್ಬರಿಗಾಗಿ ಹೊಳೆ ದಾಟದೆ, ದಡದಲ್ಲಿ ನೆರೆದ ಹತ್ತು ಮಂದಿಯನ್ನು ಕೂಡಿಸಿಕೊಂಡು ಹೋಗುತ್ತಾನಷ್ಟೆ. ಹಾಗೆಯೇ ಡಿಸ್ಕಿನ ಒಂದೊಂದು ಸುತ್ತಿನಲ್ಲಿ 50 ವ್ಯವಹಾರಗಳನ್ನು ಕಟ್ಟುಕಟ್ಟಾಗಿ ಬರೆದರೆ, 120ರ ಸ್ಥಳದಲ್ಲಿ 6000 ವ್ಯವಹಾರಗಳು ಸೆಕೆಂಡಿಗೆ ಸಾಗುತ್ತವೆ. ಇಲ್ಲಿ ವೇಗವು ಸುಳ್ಳಿನಿಂದ ಬಂದುದಲ್ಲ, ಸಹಕಾರದಿಂದ ಬಂದುದು.

ಇಷ್ಟಾದರೂ ಎಚ್ಚರ ತಪ್ಪುವಂತಿಲ್ಲ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ದತ್ತಸಂಗ್ರಹ ವ್ಯವಸ್ಥೆಯನ್ನು ಕಟ್ಟುವವರಿಗೆ 2018ರಲ್ಲಿ ಒಂದು ಸಂಗತಿ ಮನವರಿಕೆಯಾಯಿತು. ಲಿನಕ್ಸ್ ವ್ಯವಸ್ಥೆಯಲ್ಲಿ ಡಿಸ್ಕಿನ ಬರಹವು ಕೆಟ್ಟಾಗ, ಎಫ್‌ಸಿಂಕ್ ಆಜ್ಞೆಗೆ ಒಮ್ಮೆ “ತಪ್ಪಾಯಿತು” ಎಂಬ ಉತ್ತರ ಬರುತ್ತಿತ್ತು. ಅದೇ ಆಜ್ಞೆಯನ್ನು ಮತ್ತೊಮ್ಮೆ ಕೊಟ್ಟರೆ, ಬರಹವು ತಲುಪದಿದ್ದರೂ “ಸರಿಯಾಗಿದೆ” ಎಂಬ ಉತ್ತರ ಬರಬಹುದಾಗಿತ್ತು. ಮರುಪ್ರಯತ್ನವನ್ನೇ ನಂಬಿದ್ದವರಿಗೆ ಇದು ಮೋಸವೇ ಸರಿ. 2019ರಲ್ಲಿ ಹೊರಬಂದ ತಿದ್ದುಪಡಿಯಂತೆ, ಅಂತಹ ಉತ್ತರ ಬಂದೊಡನೆ ವ್ಯವಸ್ಥೆಯು ತಾನಾಗಿ ನಿಂತು, ಕೀರ್ದಿಯಿಂದ ಖಾತೆಗಳನ್ನು ಮರಳಿ ಕಟ್ಟಿಕೊಳ್ಳುತ್ತದೆ. ಸಂದೇಹವಿದ್ದಾಗ ಮುಂದುವರಿಯುವುದಕ್ಕಿಂತ ನಿಂತು ನೋಡುವುದು ಲೇಸೆಂಬುದು ಇದರ ತಾತ್ಪರ್ಯ.

ಹಾಗೆಂದು ಎಲ್ಲ ಬರಹಕ್ಕೂ ಒಂದೇ ಕಟ್ಟುನಿಟ್ಟು ಬೇಕೆಂದು ನಾನು ಹೇಳಲಾರೆ. ಒಂದು ಪುಟವನ್ನು ಎಷ್ಟು ಜನ ನೋಡಿದರೆಂಬ ಲೆಕ್ಕದಲ್ಲಿ ಕೊನೆಯ ನಾಲ್ಕು ಅಂಕೆಗಳು ಅಳಿದರೆ ಯಾರಿಗೂ ಹಾನಿಯಿಲ್ಲ. ಅಂತಹ ವ್ಯವಹಾರಗಳು ಕಾಯದೆ ಸಾಗಲೆಂದು ಅದೇ ಪೋಸ್ಟ್‌ಗ್ರೆಸ್ ಅವಕಾಶವನ್ನಿತ್ತಿದೆ: ವಿದ್ಯುತ್ತು ನಿಂತರೆ ಕೊನೆಯ ಕೆಲವು ದಾಖಲೆಗಳು ಅಳಿಯಬಹುದು, ಆದರೆ ಉಳಿದ ಲೆಕ್ಕವು ಕಲಸಿಹೋಗದು. ಹಣ, ಭೂಮಿ, ರೋಗಿಯ ಔಷಧ ಇವುಗಳ ಬರಹದಲ್ಲಿ ಮಾತ್ರ ಈ ಸಲಿಗೆ ಸಲ್ಲದು. ನಷ್ಟವನ್ನು ಹೊರುವವನು ಒಬ್ಬ, ವೇಗದ ಸುಖವನ್ನುಣ್ಣುವವನು ಇನ್ನೊಬ್ಬ ಎಂದಾದರೆ, ಅದು ನ್ಯಾಯವಲ್ಲ.

ಸಜ್ಜನರೇ, ಯಂತ್ರಕ್ಕೆ ಮನಸ್ಸಾಕ್ಷಿಯಿಲ್ಲ. ಅದನ್ನು ಕಟ್ಟುವವರಿಗೂ ನಡೆಸುವವರಿಗೂ ಇರಬೇಕು. ಎಷ್ಟು ಬೇಗ ಬರೆಯುತ್ತದೆಂದು ಕೇಳುವ ಮುನ್ನ, “ಬರೆದಾಯಿತು” ಎಂದು ಅದು ಯಾವಾಗ ಹೇಳುತ್ತದೆಂಬುದನ್ನು ಕೇಳಿ ತಿಳಿಯಿರೆಂದು ತಮ್ಮಲ್ಲಿ ವಿಜ್ಞಾಪಿಸುತ್ತೇನೆ.