ನಿಮಗೆ ನೆಗಡಿ, ನಮಗೆ ನ್ಯುಮೋನಿಯಾ

ನನ್ನ ಮಗನ ದೇಹದಲ್ಲಿ ಹುಟ್ಟಿನಿಂದಲೇ ಪ್ರತಿಕಾಯಗಳು ತಯಾರಾಗುವುದಿಲ್ಲ. 1952ರಲ್ಲಿ ಅಮೆರಿಕದ ಡಾ. ಬ್ರೂಟನ್ ಗುರುತಿಸಿದ ಕಾಯಿಲೆಯಿದು. ನಮಗೆ ಮೂರು ದಿನದಲ್ಲಿ ಹೋಗುವ ನೆಗಡಿ ಅವನಲ್ಲಿ ವಾರಗಟ್ಟಲೆ ಉಳಿದು ಎದೆಗಿಳಿಯುತ್ತದೆ. ಡೊಂಬಿವಲಿಯಿಂದ ಲೋಕಲ್ ಹತ್ತಿ ಪರೇಲ್‌ಗೆ ಹೋಗಿ, ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಲ್ಲಿ ರಕ್ತಪರೀಕ್ಷೆ ಮಾಡಿಸಿದಾಗಲೇ ಕಾಯಿಲೆಯ ಹೆಸರು ತಿಳಿದದ್ದು. ದೋಷದ ವಂಶವಾಹಿ ನನ್ನಿಂದ ಬಂದದ್ದೆಂದಾಗ ಕಣ್ಣೀರಿಟ್ಟೆ. ಅದು ತಾಯಿಯ ತಪ್ಪಲ್ಲವೆಂದು ಒಪ್ಪಿಕೊಳ್ಳಲು ವರ್ಷವೇ ಬೇಕಾಯಿತು.

ಈಗ ನಾಲ್ಕು ವಾರಕ್ಕೊಮ್ಮೆ ಅವನಿಗೆ ಇಮ್ಯುನೊಗ್ಲೋಬ್ಯುಲಿನ್, ವರ್ಷಕ್ಕೊಮ್ಮೆ ಮನೆಮಂದಿಗೆಲ್ಲ ಫ್ಲೂ ಲಸಿಕೆ. ನಿಮ್ಮ ಮಗುವಿಗೂ ಪದೇಪದೇ ನ್ಯುಮೋನಿಯಾ, ಕಿವಿಸೋರಿಕೆ ಆಗುತ್ತಿದ್ದರೆ ತಜ್ಞರನ್ನು ಕೇಳಿ, ತಡಮಾಡಬೇಡಿ.

ಒಂದೇ ವಿನಂತಿ: ಕೆಮ್ಮಿದ್ದರೆ ನಮ್ಮ ಮನೆಯ ಅರಿಶಿನ-ಕುಂಕುಮಕ್ಕೆ ಬರಬೇಡಿ, ಫೋನ್ ಮಾಡಿ. ಬಾಗಿನ ನಾನೇ ತಲುಪಿಸುತ್ತೇನೆ.